ಸೋನುಬಾಯಿ ಸಾಯಬೇಕಂತ

ರತ್ನಮಾಲಾಗೆ ಓದುಗರಿರಲಿಲ್ಲ. ಒಬ್ಬರೂ ಇರಲಿಲ್ಲ.

ಹುಮನಾಬಾದಿನ ಹಾಸ್ಟೆಲಿನಲ್ಲಿ ಅವಳ ಕೋಣೆಯ ಹುಡುಗಿಯರೆಲ್ಲ ಪೊಲೀಸ್ ಪರೀಕ್ಷೆಗೆ ಓದುವವರು. ಕಥೆ ಕೊಟ್ಟರೆ, 'ಇದರಾಗ ಪ್ರಶ್ನಿ ಬರ್ತಾವೇನು?' ಎಂದು ಕೇಳಿ ವಾಪಸು ಕೊಡುತ್ತಿದ್ದರು. ಕಾಲೇಜಿನ ಕನ್ನಡ ಮೇಡಂ ಒಂದು ಕಥೆಯನ್ನು ಬ್ಯಾಗಿಗೆ ಹಾಕಿಕೊಂಡಿದ್ದರು. ಮೇಡಂ ಬ್ಯಾಗು ಬದಲಾಯಿಸಿದರು. ಕಥೆ ಹಳೆಯ ಬ್ಯಾಗಿನ ಜೊತೆ ಹೋಯಿತು. ಊರು ಬೇಮಳಖೇಡದಲ್ಲಿ ಅವ್ವನಿಗೆ ಓದು ಬರುವುದಿಲ್ಲ. ಅಪ್ಪನಿಗೆ ಬರುತ್ತದೆ, ಕನ್ನಡಕ ಇಲ್ಲ. ಅಪ್ಪನ ತಾಯಿ ಸೋನುಬಾಯಿ ಮಾತ್ರ ಓದಿ ಹೇಳಿದರೆ ಕೇಳುತ್ತಿದ್ದಳು. ಆದರೆ ಅರ್ಧಕ್ಕೇ ಕಥೆಯನ್ನು ಕೈಯಿಂದ ಕಸಿದುಕೊಂಡು ಮುಂದಿನದನ್ನು ತಾನೇ ಹೇಳಲು ಶುರು ಮಾಡುತ್ತಿದ್ದಳು. ಅಂಥವಳನ್ನು ಓದುಗರ ಲೆಕ್ಕಕ್ಕೆ ಹಿಡಿಯುವುದು ಕಷ್ಟ.

ಹಾಸ್ಟೆಲ್ ಲೈಬ್ರರಿಯ ಬಾಗಿಲಿಗೆ ಒಂದು ದಿನ ಕಾಗದ ಅಂಟಿಸಿದ್ದರು. ಬಸವಕಲ್ಯಾಣದಲ್ಲಿ ಮೂರು ದಿನಗಳ ಕಥಾ ಕಮ್ಮಟ. ಊಟ, ವಸತಿ ಉಚಿತ. ಆಯ್ದ ಕಥೆಗಳ ಸಂಕಲನ ಅಚ್ಚಾಗುತ್ತದೆ. ರತ್ನಮಾಲಾಗೆ ಮೊದಲು ಕಂಡದ್ದು ಊಟ. ಹಾಸ್ಟೆಲಿನ ಬೇಳೆಸಾರಿನಲ್ಲಿ ಬೇಳೆ ಹುಡುಕಿ ಸಾಕಾಗಿತ್ತು. ಆಮೇಲೆ ಸಂಕಲನ ಕಂಡಿತು. ಅಚ್ಚಾದರೆ ಯಾರಾದರೂ ಓದಲೇಬೇಕು. ಬೇರೆ ಯಾರೂ ಇಲ್ಲದಿದ್ದರೆ ಅಚ್ಚು ಹಾಕುವವನಾದರೂ ಓದುತ್ತಾನೆ. ಅವಳು ಹೆಸರು ಕೊಟ್ಟಳು.

ಕಮ್ಮಟ ನಡೆದದ್ದು ಕೋಟೆಗೆ ಹೋಗುವ ದಾರಿಯ ಒಂದು ಮದುವೆ ಹಾಲ್‌ನಲ್ಲಿ. ಹಿಂದಿನ ವಾರದ ಮದುಮಕ್ಕಳ ಥರ್ಮಾಕೋಲ್ ಹೆಸರು ಇನ್ನೂ ಗೋಡೆಯ ಮೇಲಿತ್ತು. ಅವರಿಗೆಂದು ಇಟ್ಟಿದ್ದ ಕೆಂಪು ಸೋಫಾದಲ್ಲಿ ಕಮ್ಮಟದ ನಿರ್ದೇಶಕ ಅಂಬರೀಷ ಸರ್ ಕುಳಿತಿದ್ದರು. ಕಲಬುರಗಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಒಂದು ಕಾಲಕ್ಕೆ ಬಂಡಾಯದ ಕಥೆ ಬರೆದು ಹೆಸರು ಮಾಡಿದವರು. ಆ ಕಥೆಗಳನ್ನು ರತ್ನಮಾಲಾ ಹಾಸ್ಟೆಲಿನಲ್ಲಿ ಓದಿದ್ದಳು. ಪ್ರತಿ ಕಥೆಯ ಕೊನೆಗೂ ಒಬ್ಬ ಬಡವ ಸಾಯುತ್ತಿದ್ದ. ಬಾವಿ, ಬೆಂಕಿ, ಹಾವು, ಹಸಿವು. ಓದಿ ಅವಳು ಅತ್ತಿದ್ದಳು. ಅದು ಸುಳ್ಳಲ್ಲ.

'ಎಲ್ಲರಿಗೂ ವಿಷಯ ಕೊಡ್ತೀನಿ' ಎಂದರು ಸರ್. 'ಚೀಟಿ ಎತ್ತುವ ಆಟ ನನ್ನ ಹತ್ತಿರ ಇಲ್ಲ. ಮನುಷ್ಯನನ್ನು ನೋಡಿ ಕೊಡ್ತೀನಿ.'

ಒಬ್ಬೊಬ್ಬರೇ ಎದ್ದು ನಿಂತು ಹೆಸರು, ಊರು, ಮನೆತನ ಹೇಳಬೇಕು. ಸರ್ ಕಣ್ಣು ಮುಚ್ಚಿ ಕೇಳಿ ವಿಷಯ ಹೇಳುತ್ತಿದ್ದರು. ಹುಮನಾಬಾದಿನ ಕಿರಾಣಿ ಅಂಗಡಿಯವರ ಮಗ ಶೈಲೇಶನಿಗೆ ಮೊದಲ ಪ್ರೀತಿ ಬಂತು. ಚಿಟಗುಪ್ಪದ ರೈತನ ಮಗ ದಿಗಂಬರನಿಗೆ ಸಾಲಗಾರ ರೈತ. ಬಸವಕಲ್ಯಾಣದವಳೇ ಆದ ಅಸ್ಗರಿ ಮನೆಯಲ್ಲಿ ಬ್ಲೌಸ್ ಹೊಲಿಯುವವಳು, ಮೂವತ್ತು ದಾಟಿದವಳು. ಅವಳಿಗೆ ಬುರ್ಖಾದೊಳಗಿನ ಕತ್ತಲೆ.

ರತ್ನಮಾಲಾ ಎದ್ದಳು. ಹೆಸರು, ಊರು ಹೇಳಿದಳು.

'ನಿಮ್ಮ ಮನೆಯವರು?'

'ನಾವು ಬೌದ್ಧರು ಸರ್. ಕೂಲಿಗಿ ಹೋಗ್ತಾರ್ರಿ.'

'ನೀನೂ ಹೋಗ್ತೀಯಾ?'

'ಸೂಟಿ ಇದ್ದಾಗ ಹೊಲದಾಗ ಕಸ ತೆಗೀಲಿಕ್ಕ ಹೋಗ್ತೀನ್ರಿ.'

ಸರ್ ಕಣ್ಣು ತೆರೆದರು. 'ಕೈ ತೋರಿಸು.'

ಅವಳಿಗೆ ತಿಳಿಯಲಿಲ್ಲ. ತೋರಿಸಿದಳು. ಸರ್ ಸೋಫಾದಿಂದ ಇಳಿದು ಬಂದು ಅವಳ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಕಳೆ ಕೀಳುವ ಖುರ್ಪಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಚರ್ಮ ಗಂಟುಗಟ್ಟಿತ್ತು. 'ಬರ್ರಿ, ಎಲ್ಲರೂ ನೋಡ್ರಿ' ಎಂದರು ಸರ್. 'ಇದು ಕಥೆ. ನಾವು ಪುಸ್ತಕದಲ್ಲಿ ಹುಡುಕುವುದು ಈ ಹುಡುಗಿಯ ಅಂಗೈಯಲ್ಲಿದೆ.'

ಜನ ಸಾಲಾಗಿ ಬಂದು ನೋಡಿದರು. ಒಬ್ಬಾಕೆ ಬೆರಳಿನಿಂದ ಒತ್ತಿ ನೋಡಿದಳು. ಚಿಟಗುಪ್ಪದ ಸಂತೆಯಲ್ಲಿ ಎತ್ತಿನ ಹಲ್ಲು ನೋಡುವುದು ಹೀಗೆಯೇ. ನೋಡಿದ ಮೇಲೆ ಎತ್ತಿಗೆ ಹುಲ್ಲಾದರೂ ಹಾಕುತ್ತಾರೆ. ರತ್ನಮಾಲಾಗೆ ಚಪ್ಪಾಳೆ ತಟ್ಟಿದರು.

'ನಿನ್ನ ವಿಷಯ ಅವಮಾನ' ಎಂದರು ಸರ್.

ಅವಳ ಕಿವಿ ಬಿಸಿಯಾಗಿತ್ತು. ಕೈಯನ್ನು ಓಢಣಿಯೊಳಗೆ ಸುತ್ತಿಕೊಂಡು ಕೂತಳು. ಪಕ್ಕದಲ್ಲಿ ಅಸ್ಗರಿ ಮೆಲ್ಲಗೆ ಕೇಳಿದಳು. 'ನಂದು ಕತ್ತಲಿ, ನಿಂದು ಅವಮಾನ. ಬದಲಿ ಮಾಡಿಕೊಳ್ಳೋಣೇನು?'

'ನಿಮಗ ಕತ್ತಲಿ ಬ್ಯಾಡೇನು ಆಪಾ?'

'ನಮ್ಮ ಮನ್ಯಾಗ ಕತ್ತಲಿ ಎಲ್ಲಿಂದ ತರ್ಲಿ? ಮಷೀನ್ ಮುಂದ ಎರಡು ಟ್ಯೂಬ್‌ಲೈಟ್ ಹಾಕೀನಿ. ನಾ ಬಂದದ್ದು ಆಡಿನ ಕಥಿ ಬರೀಲಿಕ್ಕ. ಮದವಿ ದಿನ ಮದಮಗಳ ಬ್ಲೌಸ್ ಆಡು ತಿಂದ್ಬಿಡ್ತು. ಅದು ಖರೇ ಆಗಿದ್ದು.'

ಹಿಂದಿನ ಕುರ್ಚಿಯಿಂದ ಶೈಲೇಶ ಮುಂದಕ್ಕೆ ಬಾಗಿದ. 'ನಂದು ನೋಡ್ರಿ. ಮುಂಜಾನಿಂದ ಸಂಜೀತನಕ ಅಂಗಡ್ಯಾಗ ಬ್ಯಾಳಿ ತೂಗ್ತೀನಿ. ಯಾರ್ನ ಪ್ರೀತಿ ಮಾಡ್ಲಿ? ತಕ್ಕಡೀನ?'

'ನಿಮಗೇನ್ ಬಿಡ್ರಿ' ಎಂದ ದಿಗಂಬರ. 'ನಾ ನಮ್ಮಪ್ಪನ್ನ ಸಾಲದಾಗ ಮುಳುಗಸಬೇಕು. ಅಂವ ನೋಡಿದ್ರ ಹೋದ ವರ್ಷ ಹೊಸಾ ಗಾಡಿ ತಗೊಂಡಾನ.'

ನಾಲ್ವರೂ ನಕ್ಕರು. ಸೋಫಾದಿಂದ ಸರ್ ನೋಡಿದರು. ನಗು ನಿಂತಿತು.

ಅವತ್ತು ಮಧ್ಯಾಹ್ನ ರತ್ನಮಾಲಾ ಬರೆಯಲು ಕೂತಳು. ಅವಮಾನದ ಕಥೆ ಅವಳ ಹತ್ತಿರ ಇರಲಿಲ್ಲ ಎಂದಲ್ಲ. ಬೇಕಾದಷ್ಟಿದ್ದವು. ಅವುಗಳಲ್ಲಿ ಒಂದು ಅವಳಿಗೆ ಬಹಳ ಇಷ್ಟ. ಅದು ಸೋನುಬಾಯಿಯದು, ನಡೆದದ್ದು.

ಊರಿನ ಸೂರ್ಯಕಾಂತ ಸಾವ್ಕಾರನ ಹೊಲದಲ್ಲಿ ತೊಗರಿಯ ಕಸ ತೆಗೆಯಲು ಸೋನುಬಾಯಿಯ ಗುಂಪು ಹೋಗುತ್ತದೆ. ಬಾಗಿದ ಸೊಂಟ ಮಧ್ಯಾಹ್ನದವರೆಗೆ ಏಳುವ ಹಾಗಿಲ್ಲ. ಮಳೆ ಬಿಟ್ಟ ಬಿಸಿಲು ಬೆನ್ನಿನ ಮೇಲೆ ಕೂತಿರುತ್ತದೆ. ಬೇವಿನ ಗಿಡದ ಕೆಳಗೆ ನೀರಿನ ಮಡಕೆ ಇದೆ. ಈ ಹೆಂಗಸರು ಅದನ್ನು ಮುಟ್ಟಬಾರದು. ನೀರಡಿಸಿದವಳು ಬಂದು ಬಗ್ಗಿ ಬೊಗಸೆ ಒಡ್ಡಬೇಕು. ಸಾವ್ಕಾರನ ಆಳು ಮಾರುದ್ದ ಮೇಲಿನಿಂದ ಚರಗಿಯಲ್ಲಿ ನೀರು ಹಾಕುತ್ತಾನೆ. ಅರ್ಧ ಬಾಯಿಗೆ, ಅರ್ಧ ಕುಪ್ಪಸಕ್ಕೆ. ಇದು ಮೊದಲಿನಿಂದ ಬಂದದ್ದು. ಯಾರೂ ಏನೂ ಅಂದಿರಲಿಲ್ಲ.

ಒಂದು ದಿನ ಆಳು ಬರಲಿಲ್ಲ. ಸಾವ್ಕಾರನೇ ಮಡಕೆಯ ಹತ್ತಿರ ಕೂತ. ಸೋನುಬಾಯಿ ಒಡ್ಡಿನ ಮೇಲೆ ಕೂತು ರೊಟ್ಟಿ ತಿನ್ನುವಾಗ ಹೆಂಗಸರಿಗೆ ಅಂದಳು: 'ಇವತ್ತ ನಮಗ ಭಾಳ ನೀರಡಿಕಿ ಆಗ್ಯಾದ.' ಅಷ್ಟೇ. ಆಮೇಲೆ ಒಬ್ಬೊಬ್ಬಳೇ ಹೋದಳು. ಬೊಗಸೆ ಒಡ್ಡಿದಳು. ಗುಟುಕು ಗುಟುಕಾಗಿ, ದೇವರ ತೀರ್ಥದಂತೆ ಕುಡಿದಳು. 'ಇನ್ನೊಂದೀಟು ಹಾಕ್ರಿ ಸಾವ್ಕಾರ್ರ.' ಕೊನೆಯವಳು ಮುಗಿಸುವ ಹೊತ್ತಿಗೆ ಮೊದಲಿನವಳಿಗೆ ಮತ್ತೆ ನೀರಡಿಕೆ. ಇಲ್ಲ ಎಂದರೆ ಹೆಂಗಸರು ಖುರ್ಪಿ ಎತ್ತಿಕೊಂಡು ಮನೆಗೆ ಹೋಗುತ್ತಾರೆ, ಆ ವಾರ ಇಡೀ ಊರಿನಲ್ಲಿ ಬೇರೆ ಆಳು ಸಿಗುವುದಿಲ್ಲ, ಕಸ ತೊಗರಿಯನ್ನು ನುಂಗುತ್ತದೆ. ಬಿಟ್ಟು ಎದ್ದರೆ ಅವರು ಮಡಕೆ ಮುಟ್ಟುತ್ತಾರೆ. ಸಾವ್ಕಾರ ಹಾಕಿದ. ಮಡಕೆ ಬರಿದಾದರೆ ಬೋರ್‌ವೆಲ್ಲಿಗೆ ಹೋಗಿ ತಾನೇ ತುಂಬಿ ಹೊತ್ತು ತಂದು ಮತ್ತೆ ಹಾಕಿದ. ಸಂಜೆಗೆ ಅವನ ತೋಳು ಮೇಲೇಳಲಿಲ್ಲ. ಸೊಂಟ ನೇರವಾಗಲಿಲ್ಲ. ಕೊನೆಗೆ ಚರಗಿಯನ್ನು ಮಡಕೆಯೊಳಗೆ ಎಸೆದು, 'ನೀವ ತಗೊಂಡು ಕುಡೀರೆ ತಾಯಿ, ನನ್ನ ಬಿಡ್ರಿ' ಅಂದ. ಸೋನುಬಾಯಿ ಮಡಕೆಗೆ ಕೈ ಹಾಕಿ, ಚರಗಿ ತುಂಬಿ, ಮೊದಲು ಅವನಿಗೇ ಕೊಟ್ಟಳು. ಅವನಿಗೆ ಅಷ್ಟು ನೀರಡಿಕೆಯಾಗಿತ್ತು. ಕುಡಿದುಬಿಟ್ಟ.

ಎರಡನೆಯ ದಿನ ಓದುವ ಸರದಿ. ರತ್ನಮಾಲಾ ಓದಿದಳು. ಬೊಗಸೆಯ ಭಾಗ ಬಂದಾಗ ಸರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಬೋರ್‌ವೆಲ್ಲಿನ ಭಾಗ ಬಂದಾಗ ಅಸ್ಗರಿ ಕಿಸಕ್ಕೆಂದಳು. ಆಮೇಲೆ ಇಡೀ ಸಭೆ ನಕ್ಕಿತು. ಕೈ ಒತ್ತಿ ನೋಡಿದ ಆ ಹೆಂಗಸು ನಗು ತಡೆಯಲಾರದೆ ಎದ್ದು ಹೊರಗೆ ಹೋದಳು. ರತ್ನಮಾಲಾ ಓದುತ್ತ ಓದುತ್ತ ಎದುರಿನ ಮುಖಗಳನ್ನು ನೋಡಿದಳು. ಮೂವತ್ತು ಮಂದಿ. ಅವಳ ಕಥೆಗೆ. ಇದಕ್ಕೆಂದೇ ಅವಳು ಬಂದಿದ್ದಳು.

ಸರ್ ನಗಲಿಲ್ಲ.

'ಮೊದಲನೇ ಪುಟ ಹರಿದುಹಾಕು' ಎಂದರು. 'ಸೂರ್ಯ ಹುಟ್ಟಿದ್ದು, ಹಕ್ಕಿ ಕೂಗಿದ್ದು. ಸೂರ್ಯ ದಿನಾ ಹುಟ್ಟುತ್ತಾನೆ. ಕಥೆ ಮಡಕೆಯಿಂದ ಶುರುವಾಗುತ್ತದೆ.'

ಅವಳಿಗೆ ಚುರುಕ್ ಎಂದಿತು. ಪುಟ ತಿರುವಿ ನೋಡಿದಳು. ಸರ್ ಹೇಳಿದ್ದು ಸರಿ ಇತ್ತು. ಇಡೀ ಪುಟದಲ್ಲಿ ಸೂರ್ಯನನ್ನು ಬಿಟ್ಟರೆ ಯಾರೂ ಕೆಲಸ ಮಾಡುತ್ತಿರಲಿಲ್ಲ. ಅಲ್ಲೇ ಹರಿದಳು. ಈ ಮನುಷ್ಯನಿಗೆ ಗೊತ್ತಿದೆ ಎಂದುಕೊಂಡಳು.

'ಇನ್ನು ಕೊನೆ' ಎಂದರು ಸರ್. 'ನೋಡಮ್ಮ, ಶೋಷಣೆ ನಗುವ ವಸ್ತುವಲ್ಲ. ನಕ್ಕವನು ಮನೆಗೆ ಹೋಗಿ ಮರೆಯುತ್ತಾನೆ. ಅತ್ತವನು ಮರೆಯುವುದಿಲ್ಲ. ನಿನ್ನ ಮುದುಕಿ ನೀರು ಕೇಳಬೇಕು. ಸಾವ್ಕಾರ ಇಲ್ಲ ಅನ್ನಬೇಕು. ಅವಳು ಅಲ್ಲೇ, ಮಡಕೆಯ ಮುಂದೆ, ನೀರಿಲ್ಲದೆ ಬೀಳಬೇಕು.'

'ಬೀಳಬೇಕಂದ್ರ?'

'ಸಾಯಬೇಕು.'

'ಅಕಿ ಇನ್ನಾ ಇದ್ದಾಳ್ರಿ ಸರ್.'

'ಊರಲ್ಲಿ ಇರಲಿ. ಕಥೆಯಲ್ಲಿ ಸಾಯಲಿ. ಹಾಗೆ ತಿದ್ದಿ ಕೊಟ್ಟರೆ ಸಂಕಲನದ ಮೊದಲನೇ ಕಥೆ ಇದೇ. ಮುಂದಿನ ಸಾಹಿತ್ಯ ಸಮ್ಮೇಳನದಲ್ಲಿ ನಿನ್ನಿಂದ ಓದಿಸ್ತೀನಿ. ತಿದ್ದದಿದ್ದರೆ ಹಾಕಲು ಬರುವುದಿಲ್ಲ. ಇದು ಕಮ್ಮಟ. ತಿದ್ದಿಕೊಳ್ಳುವುದಕ್ಕೇ ಬರುವುದು.'

ಊಟದ ನಂತರ ರತ್ನಮಾಲಾ ಹಾಲ್‌ನ ಹಿಂದೆ ನೀರಿನ ಟಾಕಿಯ ನೆರಳಿನಲ್ಲಿ ನಿಂತು ಊರಿಗೆ, ಸೋನುಬಾಯಿಗೆ ಫೋನ್ ಮಾಡಿದಳು.

'ಆಯಿ, ನಿನ್ನ ಕಥಿ ಬರ್ದೀನಿ.'

'ಛಲೋ ಮಾಡ್ದಿ. ಸೂರ್ಯಕಾಂತನ ಸೊಂಟದ್ದು ಬರದೀಯಿಲ್ಲ?'

'ಬರ್ದೀನಿ. ಎಲ್ಲಾರೂ ನಕ್ಕರು. ಖರೆ ಸರ್ ಅಂತಾರ, ನೀ ಸಾಯಬೇಕಂತ.'

ಆ ಕಡೆ ಸೋನುಬಾಯಿ ಕೋಳಿಯನ್ನು ಓಡಿಸಿದಳು.

'ಯಾಕಂತ? ನಾ ಅವರಿಗಿ ಏನ್ ಮಾಡೀನಿ?'

'ಕಥ್ಯಾಗ ಆಯಿ. ನೀರಿಲ್ದ ಸಾಯಬೇಕಂತ.'

'ನೀರಿಲ್ದ? ಅವತ್ತ ಕುಡದ ನೀರಿಗಿ ನನ್ನ ಹೊಟ್ಟಿ ಮರದಿನದ ತನಕ ಗುಡುಗುಡು ಅಂತಿತ್ತು. ನೀರು ಕುಡದು ಸತ್ತಳಂತ ಬರಿ ಬೇಕಾದ್ರ, ಮಂದಿ ನಂಬತಾರ.'

'ಸತ್ರ ಅಚ್ಚ ಹಾಕ್ತಾರ. ಇಲ್ಲಂದ್ರ ಇಲ್ಲ.'

'ಅಚ್ಚ ಹಾಕಿದ್ರ ನಿನಗ ನೌಕರಿ ಸಿಗ್ತದೇನು?'

'ಇಲ್ಲ.'

'ಮತ್ತೇನ್ ಸಿಗ್ತದ?'

ರತ್ನಮಾಲಾ ಯೋಚಿಸಿದಳು. 'ಮಂದಿ ಓದ್ತಾರ, ಆಯಿ.'

ಸೋನುಬಾಯಿ ಉಸಿರು ಬಿಟ್ಟಳು. ಮೊಮ್ಮಗಳಿಗೆ ಇದು ಎಷ್ಟು ಬೇಕು ಎಂಬುದು ಅವಳಿಗೆ ಗೊತ್ತಿತ್ತು. 'ನಿನಗ ಛಲೋ ಆಗ್ತದಂದ್ರ ಸಾಯ್ಸು ಪೋರಿ. ನನಗೇನ್, ಒಂದಿನ ಹೋಗೋದೇ ಅದ. ಮನ್ಯಾಗ ಸಾಯ್ಸು, ಆಸ್ಪತ್ರ್ಯಾಗ ಸಾಯ್ಸು, ಬಸ್ಸಿನಾಗ ಸಾಯ್ಸು. ಖರೆ ಆ ಸೂರ್ಯಕಾಂತನ ಮಡಕಿ ಮುಂದ ಮಾತ್ರ ಸಾಯಸಬ್ಯಾಡ. ಅವನ ಕಾಲಾಗ ನಾ ಬಿದ್ದೆ ಅಂತ ಆಗಬಾರದು. ಅವತ್ತ ನಾ ಬಿದ್ದಿಲ್ಲ.'

'ಹೂಂ.'

'ಊಟ ಹ್ಯಾಂಗ ಅದ ಅಲ್ಲಿ?'

'ಛಲೋ ಅದ. ಹುಗ್ಗಿ ಮಾಡಿದ್ರು.'

'ಉಣ್ಣು ಮತ್ತ. ಹುಗ್ಗಿ ಬಿಟ್ಟು ಬರಬ್ಯಾಡ.'

ಮೂರನೆಯ ದಿನ ಬೆಳಿಗ್ಗೆ ಎಲ್ಲರೂ ತಿದ್ದಿದ ಕಥೆ ಒಪ್ಪಿಸಬೇಕಿತ್ತು. ರತ್ನಮಾಲಾ ಬರೆಯಲು ನೋಡಿದ್ದಳು. ಸಾವು ಬಂದಿರಲಿಲ್ಲ. ಇದ್ದ ಕಥೆಯನ್ನೇ ಒಪ್ಪಿಸಿ, ಖಾಲಿ ಹಾಳೆ ಹಿಡಿದು ಎದ್ದು ನಿಂತಳು.

'ಸರ್, ನನಗ ಸಾಯಸಲಿಕ್ಕ ಬರವಲ್ದು. ನೀವ ಹೇಳ್ರಿ, ನಾ ಬರಕೋತೀನಿ.'

ಸರ್‌ಗೆ ಖುಷಿಯಾಯಿತು. ಸೋಫಾದಲ್ಲಿ ಮುಂದಕ್ಕೆ ಸರಿದು ಕೂತರು. 'ಬರೆ. ಮುದುಕಿ ಎರಡು ಹೆಜ್ಜೆ ಇಟ್ಟು ಕುಸಿದು ಬಿದ್ದಳು.'

ಬರೆದಳು. 'ಯಾವ ಕಡಿ ಬಿದ್ದಳ್ರಿ ಸರ್? ಮಡಕಿ ಕಡಿ ಬಿದ್ರ ಅಕಿ ಕೈ ಮಡಕೀಗಿ ಹತ್ತತದ. ಕುಡೀತಾಳ.'

'ಆ ಕಡೆ ಬೇಡ. ಈ ಕಡೆ ಬೀಳಲಿ.'

'ಈ ಕಡಿ ಬೋರ್‌ವೆಲ್ ಅದ್ರಿ.'

'ಬೋರ್‌ವೆಲ್ ತೆಗೆದುಹಾಕು.'

'ತೆಗದ್ರ ಮಡಕೀಗಿ ನೀರು ಎಲ್ಲಿಂದ ಬರ್ತದ್ರಿ?'

ಸರ್ ಕೈ ಬೀಸಿದರು. 'ಅದೆಲ್ಲ ಓದುಗ ಕೇಳುವುದಿಲ್ಲ. ಬರೆ. ಉಳಿದ ಹೆಂಗಸರು ಅಸಹಾಯಕರಾಗಿ ನೋಡುತ್ತಿದ್ದರು.'

ಈಗ ಅಸ್ಗರಿ ಎದ್ದಳು. 'ಸರ್, ಅಷ್ಟು ಮಂದಿ ಸುಮ್ಮ ನಿಂತು ನೋಡ್ತಾರೇನ್ರಿ? ಕೈಯಾಗ ಖುರ್ಪಿ ಹಿಡಕೊಂಡು?'

'ಖುರ್ಪಿ ಕೆಳಗಿಡಲಿ.'

'ಯಾರು ಮೊದ್ಲು ಇಡಬೇಕ್ರಿ?' ಎಂದು ರತ್ನಮಾಲಾ ಕೇಳಿದಳು, ಪೆನ್ನು ಎತ್ತಿ ಹಿಡಿದು.

ಶೈಲೇಶನಿಗೂ ಸಂಶಯ ಬಂತು. 'ಸರ್, ಸಾವ್ಕಾರ ಏನ್ ಮಾಡಾಕತ್ತಾನ? ಕಸ ತೆಗಿಯೋ ವ್ಯಾಳ್ಯಾದಾಗ ಆಳು ಸತ್ರ ಅವನಿಗೇ ನುಕ್ಸಾನ. ನಮ್ಮಪ್ಪ ಇದ್ದಿದ್ರ ಮಡಕಿ ಸಮೇತ ಓಡಿ ಬರ್ತಿದ್ದ. ದಯಾ ಅಂತಲ್ರಿ. ಧಂದಾ.'

ಸರ್ ಅದಕ್ಕೂ ಉತ್ತರ ಹೇಳಿದರು. ಹೇಳಿದ್ದನ್ನು ರತ್ನಮಾಲಾ ಬರೆದುಕೊಂಡಳು, ಬರೆದದ್ದನ್ನು ಓದಿದಳು, ಓದಿದ್ದರಿಂದ ಇನ್ನೊಂದು ಪ್ರಶ್ನೆ ಹುಟ್ಟಿತು. ಹಿಂದಿನ ಸಾಲಿನವರೂ ಕೈ ಎತ್ತಿದರು. ಹೆಣ ಯಾರು ಹೊರಬೇಕು? ಆಂಬುಲೆನ್ಸಿಗೆ ಫೋನ್ ಯಾರು ಮಾಡಬೇಕು? ಫೋನ್ ಮಾಡಿದರೆ ಅದು ಬಂದುಬಿಟ್ಟರೆ? ಸರ್ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ತಂದಿಟ್ಟ ಚಹಾ ಕೆನೆಗಟ್ಟಿತು. ಮುದುಕಿ ಇನ್ನೂ ಅರ್ಧ ಬಿದ್ದುಕೊಂಡೇ ಇದ್ದಳು.

'ಸಾಯೋ ಮುಂದ ಅಕಿ ಏನರೆ ಅಂತಾಳೇನ್ರಿ?' ಎಂದು ದಿಗಂಬರ ಕೇಳಿದ. ಅವನು ಅಪ್ಪನನ್ನು ಆಗಲೇ ಮುಗಿಸಿ ಒಪ್ಪಿಸಿದ್ದ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

'ಏನೂ ಅನ್ನುವುದಿಲ್ಲ. ಮೌನವಾಗಿ ಸಾಯುತ್ತಾಳೆ.'

ರತ್ನಮಾಲಾ ಪೆನ್ನು ಕೆಳಗಿಟ್ಟಳು. 'ಸರ್, ಇಷ್ಟೊತ್ತು ನೀವ್ ಹೇಳಿದ್ದೆಲ್ಲಾ ಬರದೀನಿ. ಇದು ಬರಿಯಂಗಿಲ್ಲ. ಸೋನುಬಾಯಿ ಸುಮ್ಕ ಇರೋಕಿನೇ ಅಲ್ಲ. ಸತ್ತ ಮ್ಯಾಲೂ ಅರ್ಧ ತಾಸು ಮಾತಾಡ್ತಾಳ.'

ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಸರ್ ಮೇಲೆದ್ದರು. ಮುಖ ಕೆಂಪಾಗಿತ್ತು.

'ನಗ್ರಿ. ನನ್ನ ಕಥೆ ಓದಿ ಊರೂರಲ್ಲಿ ಜನ ಅತ್ತಿದ್ದಾರೆ. ನಗಿಸಿ ಯಾರು ಏನು ಬದಲಾಯಿಸಿದ್ದಾರೆ, ಹೇಳು?'

'ಮಡಕಿ ಬದಲಾತಲ್ರಿ ಸರ್' ಎಂದಳು ರತ್ನಮಾಲಾ. 'ಈಗ ನಮ್ಮವ್ರು ತಾವೇ ತಗೊಂಡು ಕುಡೀತಾರ.'

ಅಷ್ಟರಲ್ಲಿ ಹೊರಗೆ ಕಾರು ನಿಂತಿತು. ಸಮಾರೋಪದ ಮುಖ್ಯ ಅತಿಥಿಗಳು ಬಂದಿದ್ದರು. ಫೋಟೋದವನು ಬಂದಿದ್ದ. ಹಾರ ಬಂದವು. ಸರ್ ಕನ್ನಡಕ ಸರಿ ಮಾಡಿಕೊಂಡು, ದನಿ ಸರಿ ಮಾಡಿಕೊಂಡು, ಅತಿಥಿಗಳನ್ನು ಕರೆದುಕೊಂಡು ಬಂದು ನೇರವಾಗಿ ರತ್ನಮಾಲಾಳ ಮುಂದೆ ನಿಲ್ಲಿಸಿದರು.

'ಇವಳು ನಮ್ಮ ಕಮ್ಮಟದ ಶೋಧ. ಕೂಲಿ ಮಾಡುತ್ತ ಬರೆಯುವವಳು. ಕೈ ತೋರಿಸಮ್ಮ.'

ಫೋಟೋದವನು ಕ್ಯಾಮೆರಾ ಎತ್ತಿದ.

ಅವಳ ಕೈಗಳು ಮಡಿಲಲ್ಲಿದ್ದವು. ಅಲ್ಲೇ ಇದ್ದವು.

'ತೋರಸಂಗಿಲ್ಲ.'

'ಏನು?'

'ಕೈ ತೋರಸಂಗಿಲ್ಲ ಸರ್. ಮೊದಲನೇ ದಿನ ನೀವು ತಿರುವಿ ತಿರುವಿ ನೋಡಿದ್ರಿ. ನನಗ ನಾಚಿಕಿ ಆಯ್ತು. ಸಂತ್ಯಾಗಿನ ಎತ್ತ ಅನಿಸ್ತು. ನನ್ನ ಕೈ ನನಗ ಬರೀಲಿಕ್ಕ ಅವ, ಕಸ ತೆಗೀಲಿಕ್ಕ ಅವ, ಉಣ್ಲಿಕ್ಕ ಅವ. ನೋಡ್ಲಿಕ್ಕ ಅಲ್ಲ.'

ಮುಖ್ಯ ಅತಿಥಿಗಳು ಹಾರದೊಳಗೆ ಕೆಮ್ಮಿದರು.

ಸರ್ ತಗ್ಗಿದ ದನಿಯಲ್ಲಿ ಅಂದರು, 'ಹಾಗಾದರೆ ಕಥೆ ಹಾಕಲು ಬರುವುದಿಲ್ಲ. ಪ್ರಮಾಣಪತ್ರವೂ ಇಲ್ಲ. ಯೋಚನೆ ಮಾಡು.'

ಅವಳು ಎದ್ದಳು. ಸರ್ ಅವರ ಕಂಕುಳಲ್ಲಿದ್ದ ಕಥೆಗಳ ಕಟ್ಟಿನ ಕಡೆಗೆ ಕೈ ಚಾಚಿದಳು.

'ನನ್ನ ಕಥಿ ಕೊಡ್ರಿ.'

ಕೊಟ್ಟರು. ಅವರು ಕೆಟ್ಟ ಮನುಷ್ಯರಲ್ಲ. ಕೊಡುವ ಮೊದಲು ಕಟ್ಟಿನಲ್ಲಿ ಹುಡುಕಿ, ಪುಟಗಳು ಸರಿಯಾಗಿವೆಯೇ ಎಂದು ಎಣಿಸಿ ಕೊಟ್ಟರು. ಫೋಟೋದವನು ಆ ಗಳಿಗೆಯ ಫೋಟೋ ತೆಗೆದ. ಅದನ್ನು ಯಾರೂ ಎಲ್ಲಿಯೂ ಹಾಕಲಿಲ್ಲ.

ರತ್ನಮಾಲಾ ತಕ್ಷಣ ಹೊರಟುಹೋಗಲಿಲ್ಲ. ಸಮಾರೋಪ ಭಾಷಣ ಪೂರ್ತಿ ಕೇಳಿದಳು. ಕೊನೆಯ ಊಟವನ್ನೂ ಮಾಡಿದಳು. ಕಾಗದದಲ್ಲಿ ಊಟ ಉಚಿತ ಎಂದಿತ್ತು. ಸಿಟ್ಟು ಬಂದವರಿಗೆ ಇಲ್ಲ ಎಂದು ಬರೆದಿರಲಿಲ್ಲ. ಅಸ್ಗರಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದಳು. 'ತಿನ್ನು. ಪ್ರಮಾಣಪತ್ರದಾಗ ತುಪ್ಪ ಇರಂಗಿಲ್ಲ.'

ಮರುದಿನ ಅವಳು ಬೇಮಳಖೇಡಕ್ಕೆ ಹೋದಳು. ಸಂಜೆ ಬುದ್ಧ ವಿಹಾರದ ಕಟ್ಟೆಯ ಮೇಲೆ ಸೋನುಬಾಯಿಯ ಗುಂಪು ಸೇರಿತು. ಕಥೆ ಓದಿದಳು. ಹೆಂಗಸರು ನಕ್ಕರು, ಸಾವ್ಕಾರನ ನಡಿಗೆಯನ್ನು ಒಬ್ಬಳು ಎದ್ದು ಮಾಡಿ ತೋರಿಸಿದಳು. ಓದು ಮುಗಿದ ಮೇಲೆ ಜಗಳ ಶುರುವಾಯಿತು.

'ನನ್ನ ಹೆಸರು ಎಲ್ಲಿ ಅದ? ಅವತ್ತ ನಾನೂ ಕುಡದೀನಿ.'

'ನಂದೂ ಇಲ್ಲ. ಬರೇ ಸೋನುಬಾಯಿ, ಸೋನುಬಾಯಿ. ನಾವೇನ್ ದನ ಕಾಯಲಿಕ್ಕ ಹೋಗಿದ್ವೇನು?'

'ನನ್ನ ಸೊಸಿ ಹೆಸರೂ ಹಾಕು. ಅಕಿ ಅವತ್ತ ಬಂದಿರಲಿಲ್ಲ ಖರೆ, ಬರಬೇಕಂತಿದ್ದಳು.'

'ಎಲ್ಲಾರ ಹೆಸರು ಹಾಕಿದ್ರ ಅದು ಕಥಿ ಆಗಂಗಿಲ್ಲ, ರೇಷನ್ ಅಂಗಡಿ ಪಟ್ಟಿ ಆಗ್ತದ' ಎಂದಳು ರತ್ನಮಾಲಾ. 'ಹಾಕಂಗಿಲ್ಲ.'

'ಶಾಣ್ಯಾ ಆಗ್ಯಾಳ ನೋಡು, ಕಮ್ಮಟಕ್ಕ ಹೋಗಿ ಬಂದು!'

ಸೋನುಬಾಯಿ ತನ್ನ ಪಾಲು ಹೆಚ್ಚಿಸಲು ನೋಡಿದಳು. ಸಾವ್ಕಾರನಿಗೆ ತಾನು ಬೈದಿದ್ದೆ ಎಂದಳು. ಬೈದಿರಲಿಲ್ಲ ಎಂದು ಉಳಿದವರೆಲ್ಲ ಒಟ್ಟಾಗಿ ಹೇಳಿದರು. ಅದೊಂದರಲ್ಲಿ ಒಮ್ಮತವಿತ್ತು. ಎಲ್ಲ ಗದ್ದಲ ಇಳಿದ ಮೇಲೆ, ಅಲ್ಲಿಯವರೆಗೆ ಬಾಯಿ ಬಿಡದ ಮೀನಾ ಕಾಕು ಅಂದಳು:

'ಸಂಜೀಗಿ ಅವನ ಕೈ ನಡಗಾಕತ್ತಿದ್ವು. ನೀರು ಅವನ ಧೋತರದ ಮ್ಯಾಲೇ ಬೀಳಾಕತ್ತಿತ್ತು. ನನಗ ಜರಾ ಪಾಪ ಅನಿಸ್ತು. ಆಮ್ಯಾಲ, ಪಾಪ ಅನಿಸ್ತಲ್ಲ ಅಂತ ನನ್ನ ಮ್ಯಾಲೇ ಸಿಟ್ಟು ಬಂತು. ಮತ್ತ ಬೊಗಸಿ ಒಡ್ಡಿದೆ.'

ರತ್ನಮಾಲಾ ಪೆನ್ನು ತೆಗೆದು ಅದನ್ನು ಹಾಗೆಯೇ ಬರೆದುಕೊಂಡಳು. ಕಥೆಯಲ್ಲಿ ಅದಕ್ಕಿಂತ ಒಳ್ಳೆಯ ಮಾತು ಇರಲಿಲ್ಲ.

ಸಂಕಲನ ಬಂದದ್ದು ಬೇಸಿಗೆಗೆ. ಅಷ್ಟರಲ್ಲಿ ಕಮ್ಮಟದಲ್ಲಿ ಜೊತೆಯಾದ ಆ ನಾಲ್ವರೂ ತಿಂಗಳಿಗೊಂದು ಭಾನುವಾರ ಅಸ್ಗರಿಯ ಮನೆಯಲ್ಲಿ ಸೇರುವುದು ರೂಢಿಯಾಗಿತ್ತು. ನಿರ್ದೇಶಕರಿಲ್ಲ, ವಿಷಯ ಕೊಡುವವರಿಲ್ಲ. ಅಸ್ಗರಿ ಮಷೀನ್ ತುಳಿಯುತ್ತಲೇ ಕೇಳುತ್ತಿದ್ದಳು. ಕಥೆ ಚೆನ್ನಾಗಿದ್ದರೆ ಮಷೀನ್ ನಿಲ್ಲುತ್ತಿತ್ತು. ನಿಲ್ಲದಿದ್ದರೆ ಓದುವವನಿಗೆ ಗೊತ್ತಾಗುತ್ತಿತ್ತು. ಶೈಲೇಶನ ಪ್ರೀತಿಯ ಕಥೆಗೆ ಎರಡು ಬ್ಲೌಸ್ ಮುಗಿದಿದ್ದವು.

ದಿಗಂಬರ ಪುಸ್ತಕ ತಂದು ಮಷೀನ್ ಮೇಲೆ ಇಟ್ಟ. ಅದರಲ್ಲಿ ಅವನ ಕಥೆಯೇ ಮೊದಲನೆಯದು. ಹೆಸರು ದಪ್ಪ ಅಕ್ಷರದಲ್ಲಿತ್ತು. ರತ್ನಮಾಲಾ ಬೆರಳಿನಿಂದ ಮುಟ್ಟಿ ನೋಡಿದಳು. ಹೊಟ್ಟೆಕಿಚ್ಚಾಯಿತು. ಆಗಲಿಲ್ಲ ಎಂದರೆ ಸುಳ್ಳು.

'ನಿಮ್ಮಪ್ಪ ಓದಿದ್ನೇನು?' ಎಂದು ಕೇಳಿದಳು.

'ಓದಿದ. ಬೆಳಿ ಒಣಗಿ ಎದಿ ಒಡದು ಸತ್ತ ಅಂತ ಬರ್ದೀನಲ್ಲ. ಅದು ನೋಡಿ, ಈ ಸಲ ಸೋಯಾ ಛಲೋ ಬಂದದ, ನಾ ಯಾಕ ಸತ್ತೆ, ಅಂದ. ಎರಡು ದಿನ ಮಾತಾಡಿಲ್ಲ. ಮೂರನೇ ದಿನ ಕಟ್ಟಿ ಮ್ಯಾಲ ಕೂತು ಎಲ್ಲಾರಿಗೂ ಪುಸ್ತಕ ತೋರಸಾಕತ್ತಿದ್ದ. ಸತ್ತಾಂವ ನಾನೇ ಅಂತ.'

ಅಸ್ಗರಿಯ ಕಾಲು ನಿಂತಿತು. ನಗು ತಡೆದುಕೊಳ್ಳಲು ಅವಳು ಬ್ಲೌಸಿನ ತೋಳನ್ನು ಬಾಯಿಗೆ ಒತ್ತಿಕೊಂಡಳು.

'ಇದನ್ನ ಬರಿಬೇಕಿತ್ತಲ್ಲೋ ಮಾರಾಯ' ಎಂದ ಶೈಲೇಶ.

'ಆವಾಗ ಆಗಿರಲಿಲ್ಲ. ಆಮ್ಯಾಲ ಆಯ್ತು.' ದಿಗಂಬರ ತಲೆ ತುರಿಸಿಕೊಂಡ. 'ನನಗಂತೂ ಕಮ್ಮಟದಿಂದ ಉಪಯೋಗ ಆಯ್ತಪ್ಪ. ಹೆಸರು ಬಂತು. ನಿನಗ, ರತ್ನಾ?'

'ಒಂದು ಪುಟ ಹರದ್ರು, ಅದು ಛಲೋ ಆಯ್ತು. ನಿಮ್ಮನ್ನ ಕೊಟ್ರು. ಉಳದದ್ದು ಎಲ್ಲಾ ತ್ರಾಸ.'

'ಅಪ್ಪನ ಕಥಿ ಈಗ ಬರಿ' ಎಂದಳು ಅಸ್ಗರಿ ದಿಗಂಬರನಿಗೆ. 'ಬದಕಿಸಿ ಬರಿ. ಬರೋ ತಿಂಗಳ ಓದು. ರತ್ನಾ, ಈಗ ನೀ ಓದು. ಮೀನಾ ಕಾಕುಂದು ಸೇರಿಸಿ ಬರದೀಯಲ್ಲ, ಅದು.'

ಅವಳು ಓದಿದಳು. ಮಷೀನ್ ಸುಮ್ಮನೆ ನಿಂತಿತ್ತು.

ಸಂಕಲನದಲ್ಲಿ ಹದಿನಾಲ್ಕು ಕಥೆಗಳಿದ್ದವು. ಹನ್ನೊಂದರಲ್ಲಿ ಯಾರಾದರೊಬ್ಬರು ಸತ್ತಿದ್ದರು. ಬೇಮಳಖೇಡದ ಕಡೆಯವರು ಕಳೆದುಕೊಂಡದ್ದು ಇಷ್ಟು: ಅಚ್ಚಿನ ಎಂಟು ಪುಟ. ಒಂದು ಪ್ರಮಾಣಪತ್ರ. ಸಮ್ಮೇಳನದ ವೇದಿಕೆಯಲ್ಲಿ ಒಂದು ಓದು. ಜೀವಹಾನಿ ಆಗಿಲ್ಲ.